ಪಟ್ಟಿಯಲ್ಲಿ ನಾಲ್ಕನೆಯದು ನಮ್ಮ ಮನೆ

ಅಕ್ಟೋಬರ್ ೯

ಮಗಳೇ,

ನಿನ್ನಣ್ಣನಿಗೆ ತಲೆ ಕೆಟ್ಟಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ.

ನಿನ್ನೆ ಸಂಜೆ ಬಂದ. ಕೈಯಲ್ಲಿ ಬಣ್ಣದ ಕಾಗದ. "ಅಮ್ಮಾ, ಕಣ್ಣು ಮುಚ್ಕೋ" ಅಂದ. ಅರ್ಧ ಆಯಸ್ಸು ಸಿಟಿ ಬಸ್ಸು ಓಡಿಸಿದವಳು ನಾನು, ಯಾರೋ ಹೇಳಿದರು ಅಂತ ಕಣ್ಣು ಮುಚ್ಚುತ್ತೇನೆಯೇ? ಕಿತ್ತುಕೊಂಡು ಓದಿದೆ. "ಕ್ರಿಸ್ಮಸ್ ರಜೆಗೆ ನಮ್ಮ ನಗರ: ಮೂರು ದಿನದಲ್ಲಿ ಏನೇನು ಮಾಡಬಹುದು" ಅಂತ ಮೇಲೆ ಅಚ್ಚಾಗಿದೆ. ಹೊರಗಿನಿಂದ ಬಂದವರನ್ನು ಊರು ಸುತ್ತಿಸುವ ಅವನ ಕಂಪನಿಯ ಈ ಸಲದ ಕಾರ್ಯಕ್ರಮವಂತೆ. ಒಂದನೆಯದು ಚೌಕದಲ್ಲಿ ಐಸ್ ಮೇಲೆ ಜಾರುವುದು. ಎರಡನೆಯದು ಕ್ರಿಸ್ಮಸ್ ಮಾರುಕಟ್ಟೆ. ಮೂರನೆಯದು ದೀಪ ಹಾಕಿದ ದೋಣಿಯಲ್ಲಿ ನದಿ ಸುತ್ತುವುದು. ನಾಲ್ಕನೆಯದು ನಮ್ಮ ಮನೆ.

ಹೌದು ಕಣೇ, ನಮ್ಮ ಮನೆ. ಮೂರನೇ ಮಹಡಿ, ಎಡಗಡೆ ಬಾಗಿಲು. "ನಿಜವಾದ ಅಜ್ಜಿಯ ಮನೆಯಲ್ಲಿ ಒಂದು ಹಬ್ಬದ ಸಂಜೆ."

ಮೊದಲ ಮೂರರ ಬಗ್ಗೆ ನನಗೆ ಹೇಳುವುದೇನಿದೆ? ಪ್ರತಿ ಡಿಸೆಂಬರಿನಲ್ಲೂ ಆ ಚೌಕವನ್ನು ಸುತ್ತಿಕೊಂಡೇ ಬಸ್ಸು ಓಡಿಸಿದ್ದೇನೆ. ಆ ಹಬ್ಬದ ಹಿಂಬಾಗಿಲು ನನಗೆ ಗೊತ್ತು. ಬಾಡಿಗೆ ಬೂಟುಗಳಿಂದ ಏಳುವ ಒದ್ದೆ ಕಾಲುಚೀಲದ ನಾತ. ಎಲ್ಲ ಅಂಗಡಿಯಲ್ಲೂ ಒಂದೇ ಕಾರ್ಖಾನೆಯ ಒಂದೇ ಟೋಪಿ, ಎಲ್ಲದರ ಮೇಲೂ "ಕೈಯಿಂದ ಮಾಡಿದ್ದು" ಅನ್ನುವ ಚೀಟಿ. ಕುಡಿದು ತಲೆಗೆ ಜಿಂಕೆ ಕೊಂಬು ಸಿಕ್ಕಿಸಿಕೊಂಡ ಗಂಡಸರು ನನ್ನ ಬಸ್ಸಿನ ಮೆಟ್ಟಿಲ ಮೇಲೆ ಕಕ್ಕಿದ್ದನ್ನು ಡಿಪೋದಲ್ಲಿ ಯಾರು ತೊಳೆಯುತ್ತಿದ್ದರು ಅಂತ ಕೇಳು. ಹಬ್ಬವಂತೆ ಹಬ್ಬ. ಆದರೂ ಅದೆಲ್ಲ ಬೀದಿಯಲ್ಲಿತ್ತು, ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮುಗಿಯುತ್ತಿತ್ತು. ಈಗ ಇವನು ಆ ಗಲೀಜನ್ನು ಮೆಟ್ಟಿಲು ಹತ್ತಿಸಿ ನನ್ನ ಸೋಫಾ ಮೇಲೆ ಕೂರಿಸುತ್ತಾನಂತೆ.

ನಾಲ್ಕನೆಯದರ ಕೆಳಗೆ ಹೀಗಿದೆ: "ಬಾಗಿಲು ತೆರೆದ ಕೂಡಲೇ ತಬ್ಬಿಕೊಂಡು ಒಳಗೆ ಕರೆಯುವ ಅಜ್ಜಿ. ಮೊಣಕೈವರೆಗೂ ಹಿಟ್ಟು. ಬೇಡ ಅಂದರೂ ತಟ್ಟೆಗೆ ಇನ್ನೊಂದು ಹಾಕುವ ಕೈ." ಈ ಸಾಲುಗಳು ನಿನ್ನಣ್ಣನವಲ್ಲ, ಅವನಿಗೆ ನಾಲ್ಕು ಪದ ನೆಟ್ಟಗೆ ಜೋಡಿಸಲು ಬರುವುದಿಲ್ಲ. ಇದು ನಿನ್ನ ಕೈ. ನನ್ನ ಮೊಣಕೈಗೆ ಹಿಟ್ಟು ಹತ್ತಿದ್ದನ್ನು ನೀನು ಯಾವಾಗ ನೋಡಿದೆ ತಾಯಿ? ಹಿಟ್ಟು ನಿಮ್ಮಪ್ಪನದು. ಬೇಕರಿಯಲ್ಲೂ ಅವರೇ ನಾದುತ್ತಿದ್ದರು, ಮನೆಯಲ್ಲೂ ಅವರೇ. ನನ್ನ ಕೈಗೆ ಹತ್ತಿದ್ದು ಗ್ರೀಸು.

ಬೇಡ ಅಂತ ಹೇಳಬಹುದಿತ್ತು. "ಅಪ್ಪ ಹೋದ್ಮೇಲೆ ಮನೆ ಖಾಲಿ ಹೊಡೀತಿದೆ ಅಮ್ಮಾ, ನಾಲ್ಕು ಜನ ಬಂದು ಹೋದ್ರೆ ನಿಂಗೂ ಜೊತೆ" ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು. ಕಣ್ಣೆದುರು ಇರುವ ಹೆಗ್ಗಣವೂ ಅವನೊಬ್ಬನೇ.

ಈ ಕ್ರಿಸ್ಮಸ್ಸಿಗಾದರೂ ಬಾ. ಅಪ್ಪನನ್ನು ಮಣ್ಣು ಮಾಡಿದ ಮೇಲೆ ನೀನು ಈ ಹೊಸ್ತಿಲು ತುಳಿದಿಲ್ಲ. ರಜೆ ಇಲ್ಲ ಅನ್ನುವ ಕಥೆ ಬೇಡ.

ಅಮ್ಮ


ಅಕ್ಟೋಬರ್ ೨೧

ಪ್ರೀತಿಯ ಅಮ್ಮನಿಗೆ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಸಾಲುಗಳು ನನ್ನವೇ. ಅಣ್ಣ ಫೋನ್ ಮಾಡಿ "ಒಬ್ಬ ಅಜ್ಜಿ ಬಗ್ಗೆ ಮೂರು ಲೈನ್ ಬೇಕಿತ್ತು" ಅಂದ. ಯಾವ ಅಜ್ಜಿ ಅಂತ ಕೇಳಿದೆ. "ಯಾರೋ ಒಬ್ಳು" ಅಂದ. ನನ್ನ ಕೆಲಸವೇ ಅದಲ್ಲವೇ? ನೋಡದ ಊರಿನ ನೋಡದ ಹೋಟೆಲಿನ ಬಗ್ಗೆ ದಿನವಿಡೀ ಬರೆಯುತ್ತೇನೆ, ಕಿಟಕಿಯಿಂದ ಬೆಟ್ಟ ಕಾಣುತ್ತದೆ, ಹಾಸಿಗೆ ಮೃದು ಅಂತ. ಅಜ್ಜಿಯನ್ನೂ ಹಾಗೆಯೇ ಬರೆದೆ. ಅದು ನೀನು ಅಂತ ಗೊತ್ತಿದ್ದರೆ ಬೇರೆ ಥರ ಬರೆಯುತ್ತಿದ್ದೆ.

ಅಣ್ಣನ ಮೇಲೆ ಅಷ್ಟೊಂದು ರೇಗಬೇಡ. ಒಂದೆರಡು ತಿಂಗಳ ಮಾತು. ರಜೆ ಕೇಳಿದ್ದೇನೆ, ಸಿಗುವುದು ಕಷ್ಟ. ಹಬ್ಬಕ್ಕೆ ಮುಂಚೆಯೇ ಬೇಸಿಗೆಯ ಪುಸ್ತಿಕೆಗಳ ಕೆಲಸ ಶುರುವಾಗುತ್ತದೆ.

ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀಯಾ?

ನಿನ್ನ ಮಗಳು


ನವೆಂಬರ್ ೧೮

ಮಗಳೇ,

ಬೇರೆ ಥರ ಅಂದರೆ ಯಾವ ಥರ ಬರೆಯುತ್ತಿದ್ದೆ ಅಂತ ನೀನು ಹೇಳಲಿಲ್ಲ. ಇರಲಿ.

ಈಗ ನಮ್ಮ ಮನೆ ನೋಡಬೇಕು ನೀನು. ಗೋಡೆಗೆ ಒಂದು ಪ್ಲಾಸ್ಟಿಕ್ ಅಗ್ಗಿಷ್ಟಿಕೆ ಬಂದಿದೆ. ಒಳಗೆ ಕೆಂಪು ಬಲ್ಬು, ಅದರ ಮುಂದೆ ಹಾರಾಡುವ ಬಟ್ಟೆಯ ಚೂರು, ಅದೇ ಬೆಂಕಿ. ಕಿಟಕಿಗಾಜಿಗೆ ಡಬ್ಬಿಯಿಂದ ನೊರೆ ಊದಿದ್ದಾನೆ, ಅದು ಹಿಮ. ಒಣಗಿದ ಮೇಲೆ ಉಗುಳಿನ ಹಾಗೆ ಕಾಣುತ್ತದೆ. ನನ್ನ ಟಿವಿಯನ್ನು ಮಂಚದ ಕೆಳಗೆ ತಳ್ಳಿದ್ದಾನೆ, ಅಜ್ಜಿಯರು ಟಿವಿ ನೋಡುವುದಿಲ್ಲವಂತೆ.

ಇಷ್ಟನ್ನೂ ಸಹಿಸಿದೆ. ಮೊನ್ನೆ ಇನ್ನೊಂದು ಡಬ್ಬಿ ತಂದ. ಗುಂಡಿ ಒತ್ತಿದರೆ ಪುಸ್ ಅಂತ ಗಾಳಿಗೆ ವಾಸನೆ ಬಿಡುತ್ತದೆ. "ಈಗಷ್ಟೇ ಬೆಂದ ಕೇಕ್" ಅಂತ ಅದರ ಮೇಲೆ ಬರೆದಿದೆ. ಮಗಳೇ, ಈ ಮನೆಯಲ್ಲಿ! ನಿಮ್ಮಪ್ಪ ಬೇಕರಿಯಿಂದ ಬಂದು ಅಂಗಿ ಕಳಚಿ ಹಾಕಿದರೆ ಇಡೀ ಕೋಣೆ ಘಮ್ ಅನ್ನುತ್ತಿದ್ದ ಮನೆಯಲ್ಲಿ, ಆ ಮನುಷ್ಯನ ಹೊಟ್ಟೆಯಲ್ಲಿ ಹುಟ್ಟಿದವನು ನಿಂತುಕೊಂಡು ಮೂಲೆ ಮೂಲೆಗೆ ಪುಸ್ ಪುಸ್ ಅನ್ನಿಸುತ್ತಿದ್ದಾನೆ. ಸೊಳ್ಳೆಗೆ ಹೊಡೆದ ಹಾಗೆ. ಆ ವಾಸನೆ ಪರದೆಗೆ ಹತ್ತಿದೆ, ದಿಂಬಿಗೆ ಹತ್ತಿದೆ, ನನ್ನ ಕೂದಲಿಗೆ ಹತ್ತಿದೆ. ಊಟಕ್ಕೆ ಕೂತರೆ ಅನ್ನಕ್ಕೂ ಅದೇ ವಾಸನೆ. ಕೇಕು ಬರುವುದು ಅಂಗಡಿಯಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು. ಅದನ್ನು ನಮ್ಮ ಹಳೇ ಟ್ರೇಗೆ ಹಾಕಿ ಮೇಲೆ ಸಕ್ಕರೆ ಪುಡಿ ಉದುರಿಸಿ, ನಾನು ಬೇಯಿಸಿದ್ದು ಅನ್ನಬೇಕು.

ಜನ ಬರಲು ಶುರು ಮಾಡಿದ್ದಾರೆ. ಮೊದಲ ದಿನ ಎಲ್ಲರೂ ಒಟ್ಟಿಗೇ ನುಗ್ಗಿದರು. ಒಬ್ಬಳು ಹೊಸ್ತಿಲಲ್ಲೇ ನಿಂತು ಫೋಟೋ ತೆಗೆಯುತ್ತಾಳೆ, ಹಿಂದಿನವರು ಮೆಟ್ಟಿಲ ಮೇಲೆ ನೂಕಾಡುತ್ತಾರೆ. ನನ್ನ ಬಾಯಿ ಸುಮ್ಮನಿರುತ್ತದೆಯೇ? "ಬಾಗ್ಲಲ್ಲಿ ನಿಲ್ಬೇಡಿ! ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಅಷ್ಟು ಜಾಗ ಇದೆ ಕಾಣ್ಸಲ್ವಾ?" ಅಂದೆ. ನಿನ್ನಣ್ಣ ಹಲ್ಲು ಕಡಿದ. ತಬ್ಬಿಕೊಳ್ಳಬೇಕಿತ್ತಂತೆ. ಗುರುತು ಪರಿಚಯ ಇಲ್ಲದ ಬೆವರು ಮೈಗಳನ್ನು ಸಾಲಾಗಿ ತಬ್ಬಿಕೊಳ್ಳಲು ನಾನೇನು ಕೋಟು ತೂಗುಹಾಕುವ ಗೂಟವೇ?

ಒಬ್ಬ ದಡಿಯ ನಿಮ್ಮಪ್ಪನ ಕುರ್ಚಿಯಲ್ಲಿ ಕೂತ. ಕಾಲು ಚಾಚಿದ. "ಅಜ್ಜೀ, ಇನ್ನೊಂದು ಪೀಸ್" ಅಂದ. ನಾನು "ಎದ್ದೇಳು" ಅಂದೆ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕ. ಅವನು ಏಳಲೇ ಇಲ್ಲ.

ನೀನು ಬರುತ್ತೀಯಾ ಇಲ್ಲವಾ? ನೆಟ್ಟಗೆ ಬರೆ.

ಅಮ್ಮ


ನವೆಂಬರ್ ೨೭

ಅಮ್ಮಾ,

ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. "ಮುಂದೆ ಅಷ್ಟು ಜಾಗ ಇದೆ." ಪಕ್ಕದವಳು ಏನಾಯಿತು ಅಂತ ಕೇಳಿದಳು. ಏನೂ ಇಲ್ಲ, ನಮ್ಮಮ್ಮ ಅಂದೆ.

ಆ ಡಬ್ಬಿಯ ವಿಷಯ ಓದಿದ ಮೇಲೆ ನಗು ನಿಂತುಹೋಯಿತು. ಅದನ್ನು ಎತ್ತಿ ಬಿಸಾಡು. ನಾನು ಹೇಳಿದೆ ಅಂತ ಅಣ್ಣನಿಗೆ ಹೇಳು.

ಅಪ್ಪನ ಕುರ್ಚಿಯನ್ನು ಒಳಕೋಣೆಗೆ ತೆಗೆದಿಡು. ಒಬ್ಬಳೇ ಎತ್ತಬೇಡ, ಕೆಳಗಿನ ಮನೆಯವರನ್ನು ಕರೆ.

ಬಂದವರ ಮುಂದೆ ಒಂದು ಸಲ ನಕ್ಕರೆ ಏನಾಗುತ್ತದೆ ಅಮ್ಮಾ? ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುವ ಹಾಗೆ ನಿನಗೆ ಎಲ್ಲವೂ ಅಸಹ್ಯ. ಅವರೂ ಪಾಪ, ಯಾರದೋ ಮನೆಯಲ್ಲಿ ಒಂದು ಗಂಟೆ ಮಕ್ಕಳಾಗಿರಬೇಕು ಅಂತ ಬಂದಿರುತ್ತಾರೆ.

ರಜೆಯ ವಿಷಯ ಇನ್ನೂ ಗೊತ್ತಾಗಿಲ್ಲ.

ನಿನ್ನ ಮಗಳು


ಡಿಸೆಂಬರ್ ೬

ಮಗಳೇ,

ನನ್ನನ್ನು ಕೆಲಸದಿಂದ ತೆಗೆದರು. ನನ್ನ ಮನೆಯಲ್ಲಿ ನಾನು ಅಜ್ಜಿಯಾಗಿರಲು ಲಾಯಕ್ಕಿಲ್ಲವಂತೆ.

ಬಂದುಹೋದವರು ಬರೆದಿದ್ದಾರಂತೆ: "ಮನೆ ಮುದ್ದಾಗಿದೆ, ಅಜ್ಜಿಗೆ ಸಿಟ್ಟು ಜಾಸ್ತಿ." "ಅಜ್ಜಿಯ ಕೂದಲು ಕಪ್ಪಗಿದೆ, ನಂಬಿಕೆ ಬರುವುದಿಲ್ಲ." ನಾನು ಬಣ್ಣ ಹಚ್ಚುತ್ತೇನೆ, ಹಚ್ಚುತ್ತಲೇ ಇರುತ್ತೇನೆ, ಇವರಪ್ಪನ ಗಂಟೇನು ಹೋಗಬೇಕು? ನಿನ್ನಣ್ಣ ತಲೆ ತಗ್ಗಿಸಿಕೊಂಡು ಹೇಳಿದ, "ಅಮ್ಮಾ, ನೀನು ರೆಸ್ಟ್ ತಗೋ. ಬೇರೆಯವ್ರನ್ನ ನೋಡಿದೀನಿ."

ನೋಡಿದ್ದಾನೆ. ಬಂದಳು ಬಾಡಿಗೆ ಅಜ್ಜಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಹಗಲು ದೊಡ್ಡ ಅಂಗಡಿಯಲ್ಲಿ ನಿಂತು ದಾರಿಹೋಕರ ಕೈಗೆ ಸೆಂಟು ಹಚ್ಚುತ್ತಾಳೆ, ಸಂಜೆ ನಮ್ಮ ಬಚ್ಚಲುಮನೆಯಲ್ಲಿ ತಲೆಗೆ ಬಿಳಿ ಪೌಡರು ಬಡಿದುಕೊಂಡು ಅಜ್ಜಿಯಾಗುತ್ತಾಳೆ. ಸಿಂಕಿನ ತುಂಬ ಪೌಡರು. ಮೊಣಕೈಗೆ ಹಿಟ್ಟು ಬಳಿದುಕೊಳ್ಳುತ್ತಾಳೆ, ಎರಡೂ ಕೈಗೆ ಒಂದೇ ಸಮನಾಗಿ, ಗೋಡೆಗೆ ಸುಣ್ಣ ಹೊಡೆದ ಹಾಗೆ. ಆಮೇಲೆ ನನ್ನ ಶಾಲು ಹೊದ್ದುಕೊಳ್ಳುತ್ತಾಳೆ. ಗಂಟೆ ಬಾರಿಸಿದರೆ ಸಾಕು, "ಬಾ ಮಗಾ, ಬಾ ಕಂದಾ, ಎಷ್ಟು ದಿನ ಆಯ್ತು ನಿನ್ನ ನೋಡಿ!" ಅಂತ ಒಬ್ಬೊಬ್ಬರನ್ನೂ ಎದೆಗೆ ಒತ್ತಿಕೊಳ್ಳುತ್ತಾಳೆ. ಇವತ್ತಷ್ಟೇ ನೋಡುತ್ತಿರುವ ಮುಖಕ್ಕೆ ಎಷ್ಟು ದಿನ ಆಯ್ತಂತೆ. ಥೂ.

ಕೆಟ್ಟವಳಲ್ಲ. ಅದೇ ಇನ್ನೂ ಕಷ್ಟ. ಮೊದಲ ದಿನವೇ ಒಳಗೆ ಬಂದು "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಹೊಟ್ಟೆಪಾಡು" ಅಂದಳು.

ಸಂಜೆ ಹೊತ್ತು ನಾನು ಒಳಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಕೆಮ್ಮಬಾರದು, ನಲ್ಲಿ ಬಿಡಬಾರದು. ಅಪ್ಪನ ಕುರ್ಚಿಯೂ ಇಲ್ಲೇ ಇದೆ, ನೀನು ಹೇಳಿದ ಹಾಗೆ. ಇಬ್ಬರೂ ಕತ್ತಲಲ್ಲಿ ಕೂತಿರುತ್ತೇವೆ.

ನೀನು ಕೇಳಿದ್ದೀಯಲ್ಲ, ಒಂದು ಸಲ ನಕ್ಕರೆ ಏನಾಗುತ್ತದೆ ಅಂತ. ಈಗ ನಗುವವಳು ಬಂದಿದ್ದಾಳೆ. ನಿನಗೆ ಸಮಾಧಾನವಾಯಿತೇ?

ಅಮ್ಮ


ಡಿಸೆಂಬರ್ ೧೪

ಮಗಳೇ,

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆಯುತ್ತದೆ.

ನಿನ್ನೆ ಸಂಜೆ ಒಳಗೆ ಕೂತಿದ್ದೆ. ಹೊರಗೆ ಬಾಡಿಗೆ ಅಜ್ಜಿ ಕಥೆ ಶುರು ಮಾಡಿದಳು. ದಿನವೂ ಹೇಳುತ್ತಾಳೆ, ಕಾಡಿನದೋ ನಕ್ಷತ್ರದ್ದೋ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಿನ್ನೆ ಬೇರೆಯದು. "ನನ್ ಯಜಮಾನ್ರನ್ನ ನಾನು ಮೊದಲು ನೋಡಿದ್ದು ಬೆಳಗಿನ ಮೊದಲ ಬಸ್ಸಲ್ಲಿ" ಅಂದಳು.

ಆ ಬಸ್ಸು ನನ್ನದು ಕಣೇ.

ನಮ್ಮ ಕಥೆ ನಿನಗೆ ಗೊತ್ತು. ರಾತ್ರಿ ಪಾಳಿ ಮುಗಿಸಿ ನಿಮ್ಮಪ್ಪ ನನ್ನ ಮೊದಲ ಟ್ರಿಪ್ಪಿಗೆ ಹತ್ತುತ್ತಿದ್ದರು, ಮೈಯೆಲ್ಲ ಹಿಟ್ಟು. ಸೀಟು ಗಲೀಜಾಗುತ್ತದೆ, ನಿಂತುಕೊಂಡೇ ಬನ್ನಿ ಅಂತ ನಾನು ಬೈದಿದ್ದೆ. ಆ ಮನುಷ್ಯ ಒಂದು ಚಳಿಗಾಲ ಪೂರ್ತಿ ನಿಂತೇ ಬಂದರು. ಇಳಿಯುವಾಗ ಸ್ಟಿಯರಿಂಗ್ ಪಕ್ಕ ಒಂದು ಬಿಸಿ ಬನ್ನು ಇಟ್ಟು ಹೋಗುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಕೊನೆಗೆ ನಾನೇ "ಕೂತ್ಕೊಳ್ರೀ" ಅಂದೆ. ಅದೇ ನಮ್ಮ ನಿಶ್ಚಿತಾರ್ಥ.

ಅವಳು ಹೇಳಿದ್ದೇನು ಗೊತ್ತೇ? ಅವಳ ಗಂಡ ಡ್ರೈವರಂತೆ. ಇವಳು ಬೇಕರಿ ಹುಡುಗಿಯಂತೆ. ನಾಚಿಕೊಂಡು ನಾಚಿಕೊಂಡು ಅವನಿಗೆ ಬನ್ನು ಕೊಡುತ್ತಿದ್ದಳಂತೆ. ನಿಮ್ಮಪ್ಪನ ಕೈಯಿಂದ ಬನ್ನು ಕಿತ್ತುಕೊಂಡು ಸ್ಟಿಯರಿಂಗ್ ಕೊಟ್ಟಿದ್ದಾರೆ, ನನ್ನನ್ನು ಸೀಟಿನಿಂದ ಇಳಿಸಿ ಕೈಗೆ ಬುಟ್ಟಿ ಕೊಟ್ಟಿದ್ದಾರೆ. ಯಾರು ಹೇಳಿಕೊಟ್ಟದ್ದು? ಇನ್ಯಾರು, ನನ್ನ ಹೊಟ್ಟೆಯ ಹೆಗ್ಗಣ. "ಅಜ್ಜಿ ಬಸ್ಸು ಓಡಿಸ್ತಿದ್ಲು ಅಂದ್ರೆ ಜನ ಒಪ್ಪಲ್ಲ ಅಮ್ಮಾ" ಅಂತ ಆಮೇಲೆ ಹೇಳಿದ. "ಅವರು ಈಗಿಲ್ಲ" ಅಂತ ಅವಳು ಮುಗಿಸಿದಳು. ಮೂಗೆಳೆದುಕೊಂಡಳು. ಕೇಳುತ್ತಿದ್ದವರೂ ಮೂಗೆಳೆದುಕೊಂಡರು. ನನ್ನ ಗಂಡನಿಗೆ ಅವಳು ಅತ್ತಳು ಕಣೇ, ನಾನು ಪಕ್ಕದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುವಾಗ.

ಬಾಗಿಲು ತಳ್ಳಿಕೊಂಡು ಹೊರಗೆ ಬಂದೆ. ನೈಟಿಯಲ್ಲೇ. "ಬಸ್ಸು ಓಡ್ಸಿದ್ದು ನಾನು! ಬನ್ನು ಅವ್ರದ್ದು! ಸತ್ತಿದ್ದು ನನ್ನ ಗಂಡ, ಇವ್ಳ ಗಂಡ ಅಲ್ಲ! ಎದ್ದೇಳ್ರೀ ಎಲ್ಲಾ!" ಅಂತ ಕೂಗಿದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಚಪ್ಪಾಳೆ ತಟ್ಟಿದರು.

ನಾಟಕ ಅಂದುಕೊಂಡರು. ಒಬ್ಬಳು ಸಿಳ್ಳೆ ಹಾಕಿದಳು. ಒಬ್ಬ "ಸೂಪರ್ ಅಜ್ಜಿ" ಅಂದ. ಬಾಡಿಗೆ ಅಜ್ಜಿ ಮಾತ್ರ ಕೈ ಬಾಯಿಗಿಟ್ಟುಕೊಂಡು ನಿಂತಿದ್ದಳು, ಅವಳೊಬ್ಬಳಿಗೆ ಅರ್ಥವಾಗಿತ್ತು. ಜನ ಹೋದ ಮೇಲೆ ನಿನ್ನಣ್ಣ ಓಡಿಬಂದ. ಕಾಲಿಗೆ ಬೀಳುತ್ತಾನೆ ಅಂದುಕೊಂಡೆ. ಕಣ್ಣು ಫಳಫಳ ಅನ್ನುತ್ತಿತ್ತು. "ಅಮ್ಮಾ, ಎಷ್ಟು ಚೆನ್ನಾಗ್ ಬಂತಮ್ಮ ಅದು! ದಿನಾ ಹೀಗೇ ಬಾ. ಇದೇ ಟೈಮಿಗೆ."

ನನಗೆ ವಾಂತಿ ಬಂತು ಮಗಳೇ. ಮಾತಿಗೆ ಹೇಳುತ್ತಿಲ್ಲ. ಬಚ್ಚಲಿಗೆ ಹೋಗಿ ಆ ಪೌಡರು ಮೆತ್ತಿದ ಸಿಂಕಿಗೆ ವಾಂತಿ ಮಾಡಿದೆ. ಅವಳೇ ಬಂದು ಹಣೆ ಹಿಡಿದುಕೊಂಡಳು. ನಾನು ಅವಳ ಕೈ ಕೊಡವಿದೆ.

ಈ ಮನೆಯಲ್ಲಿ ನಾನು ಯಾರು ಅಂತ ಗೊತ್ತಿರುವವರು ಒಬ್ಬರಾದರೂ ಬೇಕು. ಬಾ. ಇನ್ನೊಂದು ಸಲ ಕರೆಯುವುದಿಲ್ಲ.

ಅಮ್ಮ


ಡಿಸೆಂಬರ್ ೧೯

ಅಮ್ಮಾ,

ಇಪ್ಪತ್ತನಾಲ್ಕಕ್ಕೆ ಬರುತ್ತಿದ್ದೇನೆ. ಸಂಜೆಯೊಳಗೆ ಮನೆಯಲ್ಲಿರುತ್ತೇನೆ. ಅಣ್ಣನಿಗೆ ಹೇಳಬೇಡ, ನಾನೇ ಮಾತಾಡುತ್ತೇನೆ.

ನಿನ್ನ ಮಗಳು


ಡಿಸೆಂಬರ್ ೨೮

ಮಗಳೇ,

ನೀನು ಬಂದೆ, ಹೋದೆ. ಒಂದು ರಾತ್ರಿ ಇದ್ದೆ. ಬಾಯಿ ಬಿಟ್ಟು ಹೇಳದ್ದನ್ನು ಬರೆಯುತ್ತೇನೆ, ನನಗೆ ಎದುರೆದುರು ಬರುವುದಿಲ್ಲ.

ಮಧ್ಯಾಹ್ನದಿಂದ ಕಿಟಕಿ ಹತ್ತಿರವೇ ಇದ್ದೆ. ನೊರೆ ಉಜ್ಜಿ ಒಂದು ಕಿಂಡಿ ಮಾಡಿಕೊಂಡಿದ್ದೆ. ಬಸ್ಸು ತಡ. ಸಂಜೆಯಾಯಿತು, ಜನ ಬರುವ ಹೊತ್ತು, ನಿನ್ನಣ್ಣ ನನ್ನನ್ನು ಒಳಗೆ ಕಳಿಸಿದ. ಆಮೇಲೆ ಮೆಟ್ಟಿಲ ಮೇಲೆ ಗುಂಪಿನ ಸದ್ದಿನ ನಡುವೆ ನಿನ್ನ ಹೆಜ್ಜೆ ಕೇಳಿತು. ಮೂರು ವರ್ಷವಾದರೂ ಗೊತ್ತಾಗುತ್ತದೆ, ನೀನು ಬಲಗಾಲು ಎಳೆಯುತ್ತೀಯ. ಎದ್ದೆ. ಬಾಗಿಲು ತೆಗೆಯುವಷ್ಟರಲ್ಲಿ ಗಂಟೆ ಬಾರಿಸಿತು, ಅವಳು ಓಡಿದಳು.

"ಬಾ ಮಗಳೇ, ಬಾ ಕಂದಾ, ಎಷ್ಟು ದಿನ ಆಯ್ತು ನಿನ್ನ ನೋಡಿ!"

ಅವಳಿಗೆ ನೀನು ಯಾರು ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಹೇಳುವುದನ್ನೇ ಹೇಳಿದಳು. ನಾನು ಒಳಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೀನು ಕೈ ಮುಂದೆ ಮಾಡಿ ಅವಳನ್ನು ತಡೆಯುತ್ತೀಯ ಅಂದುಕೊಂಡೆ. ನಮ್ಮಮ್ಮ ಎಲ್ಲಿ ಅಂತ ಕೇಳುತ್ತೀಯ ಅಂದುಕೊಂಡೆ. ನೀನು ಬ್ಯಾಗು ಬಿಟ್ಟೆ. ಅವಳ ಹೆಗಲಿಗೆ ಮುಖ ಒತ್ತಿ ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ. ಅವಳು ಹೆದರಿಬಿಟ್ಟಳು, ಆದರೂ ಬಿಡಲಿಲ್ಲ, ನಿನ್ನ ಬೆನ್ನು ಸವರುತ್ತಲೇ ಇದ್ದಳು. ಹಿಂದೆ ನಿಂತವರು ಫೋಟೋ ತೆಗೆದರು.

ಅವರೆಲ್ಲ ಹೋಗುವವರೆಗೂ ನಾನು ಹೊರಗೆ ಬರಲಿಲ್ಲ. ಬಂದಾಗ ನೀನು ಮುಖ ತೊಳೆದುಕೊಂಡಿದ್ದೆ. ನಾನು "ಬಸ್ಸಲ್ಲಿ ಸೀಟ್ ಸಿಕ್ತಾ?" ಅಂದೆ. ನೀನು "ಸಿಕ್ತು" ಅಂದೆ. ಅಷ್ಟೇ. ಊಟ ಮಾಡಿದೆವು. ಅಣ್ಣನ ಜೊತೆ ನೀನು ಜಗಳ ಆಡಿದ್ದು ಕೇಳಿಸಿತು, ನನ್ನ ಪರವಾಗಿ, ಜೋರಾಗಿಯೇ. ಅದರಿಂದ ನನಗೆ ಏನೂ ಅನ್ನಿಸಲಿಲ್ಲ.

ಆ ಹೆಗಲು ಬಾಡಿಗೆಯದು, ಗೊತ್ತಿತ್ತು ನಿನಗೆ. ಪತ್ರದ ಮೇಲೆ ಪತ್ರ ಬರೆದು ನಾನೇ ಹೇಳಿದ್ದೆ. ಗೊತ್ತಿದ್ದೂ ಅತ್ತೆ. ನಿನ್ನಣ್ಣನ ಮೇಲೆ, ಚಪ್ಪಾಳೆ ತಟ್ಟಿದವರ ಮೇಲೆ ಬಂದ ಹೇಸಿಗೆ ಇದರ ಮುಂದೆ ಏನೂ ಅಲ್ಲ. ನನ್ನ ಮಗಳು ನನ್ನ ಮನೆಯ ಹೊಸ್ತಿಲಲ್ಲಿ ಯಾರದೋ ಪೌಡರು ಮೆತ್ತಿದ ಕೊರಳಿಗೆ ಜೋತುಬಿದ್ದದ್ದು ನೋಡಿ ನನಗೆ ಮೈಯೆಲ್ಲ ಅಸಹ್ಯವಾಯಿತು.

ಅಮ್ಮ


ಜನವರಿ ೫

ಅಮ್ಮಾ,

ಹೌದು, ಗೊತ್ತಿದ್ದೂ ಅತ್ತೆ. ಮೆಟ್ಟಿಲು ಹತ್ತುವಾಗಲೇ ಆ ಡಬ್ಬಿಯ ವಾಸನೆ ಬಂತು. ಸುಳ್ಳು ವಾಸನೆ ಅಂತ ತಲೆಗೆ ಗೊತ್ತು. ಆದರೂ ಬಾಗಿಲು ತೆಗೆದಾಗ ಅಪ್ಪನ ಅಂಗಿಯೇ ಅನ್ನಿಸಿತು. ಅಷ್ಟರಲ್ಲಿ ಯಾರೋ ಎಷ್ಟು ದಿನ ಆಯ್ತು ಅಂದರು.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನಾನು ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ನೀನು ಬಂದೆ. ನನ್ನ ಹತ್ತಿರ ಬರುತ್ತೀಯ ಅಂದುಕೊಂಡೆ. "ಅತ್ರೆ ಸತ್ತೋರು ಎದ್ದು ಬರ್ತಾರಾ? ಏಳು, ಪಾತ್ರೆ ಬಿದ್ದಿದೆ, ತೊಳಿ" ಅಂದೆ ನೀನು. ನಾನು ಎದ್ದು ತೊಳೆದೆ. ಮಾರನೆಯ ದಿನ ಹೊರಟೆ. ಆಮೇಲೆ ರಜೆ ಇರಲಿಲ್ಲ ಅಂದದ್ದೆಲ್ಲ ಸುಳ್ಳು. ರಜೆ ಇತ್ತು.

ನಿನ್ನನ್ನು ದೂರುತ್ತಿಲ್ಲ. ನೀನು ಇರುವುದೇ ಹಾಗೆ ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು. ತಬ್ಬಿಕೊಳ್ಳುವ ಕೆಲಸ ಅವರು ಮಾಡುತ್ತಿದ್ದರು, ನೀನು ಮಾಡಬೇಕಾಗಿರಲಿಲ್ಲ. ಈಗ ಅವರಿಲ್ಲ, ಆ ಕೆಲಸ ಯಾರೂ ಮಾಡುತ್ತಿಲ್ಲ. ಅಣ್ಣ ಮೂರು ಸಾಲು ಕೇಳಿದಾಗ ನನಗೆ ಹೊಳೆದ ಅಜ್ಜಿ ಎಲ್ಲಿಂದ ಬಂದಳು ಅಂತ ನನಗೂ ಆಗ ಗೊತ್ತಿರಲಿಲ್ಲ.

ನನಗೂ ನನ್ನ ಮೇಲೆ ಹೇಸಿಗೆಯಾಯಿತು, ನಿನಗೆ ಗೊತ್ತಿರಲಿ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಕೋಟಿನ ಮೇಲೆ ಆ ಬಿಳಿ ಪೌಡರು ಕೊಡವುತ್ತಿದ್ದೆ.

ನಿನ್ನ ಮಗಳು


ಜನವರಿ ೧೬

ಮಗಳೇ,

ಪಾತ್ರೆ ತೊಳಿ ಅಂದದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಊರಿನವರೆಲ್ಲ ತಿಂದು ಹೋದ ಪಾತ್ರೆ ಬಿದ್ದಿತ್ತು, ಯಾರಾದರೂ ತೊಳೆಯಬೇಕಿತ್ತು. ಕೂತರೆ ನಾನು ಏಳುತ್ತಿರಲಿಲ್ಲ. ಅದಕ್ಕೆ ಕೂರಲಿಲ್ಲ, ನಿನ್ನನ್ನೂ ಕೂರಲು ಬಿಡಲಿಲ್ಲ. ಬಸ್ಸು ಓಡಿಸುವವಳು ಸ್ಟಿಯರಿಂಗ್ ಬಿಟ್ಟು ಅತ್ತರೆ ಹಿಂದೆ ಕೂತವರ ಗತಿಯೇನು? ನನಗೆ ಗೊತ್ತಿದ್ದದ್ದು ಅಷ್ಟೇ.

ಮನೆಯ ವಿಷಯ ಕೇಳು. ಹೊಸ ವರ್ಷದ ಸಂಜೆ ದೊಡ್ಡ ಗುಂಪೊಂದು ಬರುವುದಿತ್ತು. ನಾನು ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಮೆಟ್ಟಿಲು ಹತ್ತಿ ಬಂದವರಿಗೆ "ಹೌಸ್‌ಫುಲ್! ಹಿಂದೆ ಖಾಲಿ ಗಾಡಿ ಬರ್ತಿದೆ, ಅದಕ್ಕೆ ಹತ್ಕೊಳಿ!" ಅಂದು ಬಾಗಿಲು ಹಾಕಿದೆ. ಸರ್ವಿಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಎಂದೂ ಖಾಲಿ ಗಾಡಿ ಬಂದದ್ದಿಲ್ಲ. ನಿನ್ನಣ್ಣ ಬಾಗಿಲು ಬಡಿದ, ಬೇಡಿಕೊಂಡ, ಕೊನೆಗೆ ಅತ್ತ. ತೆಗೆಯಲಿಲ್ಲ. ಬೆಳಿಗ್ಗೆ ಬಂದು ಅಗ್ಗಿಷ್ಟಿಕೆ ಬಿಚ್ಚಿಕೊಂಡು ಹೋದ. ನನ್ನ ಮುಖ ನೋಡಲಿಲ್ಲ. ನೋಡುತ್ತಾನೆ, ಹಸಿವಾದಾಗ.

ಬಾಡಿಗೆ ಅಜ್ಜಿ ಒಳಗೇ ಸಿಕ್ಕಿಬಿದ್ದಿದ್ದಳು. ಪೌಡರು ತೊಳೆದುಕೊಂಡು ಬಂದು ಎದುರು ಕೂತಳು. "ಅಕ್ಕಾ, ಅವತ್ತು ಅದು ನಿಮ್ ಮಗಳು ಅಂತ ಗೊತ್ತಿರ್ಲಿಲ್ಲ" ಅಂದಳು. "ಗೊತ್ತಿದ್ರೆ ಏನ್ ಮಾಡ್ತಿದ್ದೆ?" ಅಂದೆ. "ನಿಮ್ಮನ್ನ ಕರೀತಿದ್ದೆ" ಅಂದಳು. ಅವಳು ಕರೆದಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ಆಗಿನಿಂದ ಯೋಚಿಸುತ್ತಿದ್ದೇನೆ. ಬಸ್ಸಿನ ಸೀಟಿನ ವಿಷಯವೇ ಕೇಳುತ್ತಿದ್ದೆ.

ಒಂದು ಮಾತು ಬರೆಯಬೇಕು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಆ ಸಂಜೆ ಬಾಗಿಲ ಸಂದಿಯಿಂದ ನೋಡುತ್ತಿದ್ದಾಗ ಬಂದದ್ದು ಬರೀ ಅಸಹ್ಯವಲ್ಲ. ಅವಳು ನಿನ್ನ ಬೆನ್ನು ಸವರುತ್ತಿದ್ದಳಲ್ಲ, ಅದು ಹೇಗೆ ಮಾಡುತ್ತಾಳೆ ಅಂತ ನೋಡುತ್ತಿದ್ದೆ. ನೀನು ಬಿಟ್ಟ ಮೇಲೆ ಆ ಸಾಲಿನಲ್ಲಿ ಹೋಗಿ ನಾನೂ ನಿಂತುಬಿಡಲೇ ಅನ್ನಿಸಿತು. ನನ್ನ ಮನೆಯಲ್ಲಿ, ನನ್ನ ಶಾಲು ಹೊದ್ದವಳ ಮುಂದೆ, ನಾನು. ಛೀ, ಯಾರಿಗೂ ಹೇಳಬೇಡ. ನಿಮ್ಮಪ್ಪ ಹೋದ ಮೇಲೆ ನನ್ನನ್ನೂ ಯಾರೂ ಹಾಗೆ ಮುಟ್ಟಿಲ್ಲ ಮಗಳೇ.

ಗುರುವಾರದ ಬಸ್ಸಿಗೆ ಹೊರಟಿದ್ದೇನೆ. ನೀನು ಕರೆದಿಲ್ಲ, ಗೊತ್ತು. ಕೋಣೆ ಚಿಕ್ಕದು ಅನ್ನಬೇಡ, ನೆಲದ ಮೇಲೆ ಮಲಗುತ್ತೇನೆ. ನಿಲ್ದಾಣಕ್ಕೆ ಬರಬೇಡ, ವಿಳಾಸ ಹುಡುಕಲು ನನಗೆ ಯಾರೂ ಬೇಕಿಲ್ಲ. ಮನೆಯಲ್ಲೇ ಇರು, ನಾನು ಗಂಟೆ ಬಾರಿಸಿದಾಗ ಬಾಗಿಲು ನೀನು ತೆಗೆ. ಆವತ್ತು ಅಡುಗೆಮನೆಯಲ್ಲಿ ನಾನು ಏನು ಮಾಡಬೇಕಿತ್ತೋ ಅದನ್ನು ನೀನು ಮಾಡು. ನನಗೆ ಅಭ್ಯಾಸವಿಲ್ಲ, ಕಂಬದ ಹಾಗೆ ನಿಂತಿರುತ್ತೇನೆ, ಏನಾದರೂ ಒಂದು ಸಿಡುಕು ಮಾತು ಆಡಿಬಿಡಲೂಬಹುದು. ಹಾಗಂತ ನೀನು ಬಿಡಬೇಡ.

ಅಮ್ಮ